ನನ್ನಳತೆಯ ಚಳಿ ಬಟ್ಟೆ

ಸೈಕಲ್ ಕೊಂಡ ವರ್ಷ ಮಳೆಗಾಲವನ್ನೆಲ್ಲ ನಾನು ಯಾರ ಗೊಡವೆಯೂ ಇಲ್ಲದೆ ಕಳೆದೆ. ನನ್ನ ಬಟ್ಟೆ ಹತ್ತು ಜನರ ಬಾಯಿಗೆ ಬಿದ್ದದ್ದು ದೀಪಾವಳಿ ಮುಗಿದು ಚಳಿ ಶುರುವಾದ ಮೇಲೆ.

ನಾನಿರುವುದು ತುಮಕೂರಿನಲ್ಲಿ. ಕೆಲಸ ಗುಬ್ಬಿಯ ಒಂದು ಕಚೇರಿಯಲ್ಲಿ. ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ. ನಲವತ್ತೈದು ದಾಟುತ್ತಿದ್ದಂತೆ ಮಂಡಿ ಹಿಡಿದುಕೊಳ್ಳತೊಡಗಿತು. ಡಾಕ್ಟರು, ‘ನಡೆದರೆ ಸಾಲದು, ಈಜಾಡಿ, ಇಲ್ಲಾಂದ್ರೆ ಸೈಕಲ್ ಹೊಡೀರಿ’ ಎಂದರು. ಈಜುಕೊಳದಲ್ಲಿ ಹೆಂಗಸರಿಗೆ ಕೊಟ್ಟಿದ್ದ ಹೊತ್ತಿನಲ್ಲಿ ನಾನು ಗುಬ್ಬಿಯಲ್ಲಿ ಫೈಲುಗಳ ನಡುವೆ ಇರುತ್ತಿದ್ದೆ. ಉಳಿದದ್ದು ಸೈಕಲ್. ತವರೂರು ಚೇಳೂರಿನಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ಬಾರಿನ ಕೆಳಗೆ ಒಳಗಾಲು ಹಾಕಿ ಕಲಿತಿದ್ದೆ, ಅದು ಮರೆತಿರಲಿಲ್ಲ. ವರ್ಗವಾಗಿ ಹೊರಟಿದ್ದ ಸಹೋದ್ಯೋಗಿಯೊಬ್ಬರ ಹತ್ತಿರ ತೆಳು ಟೈರಿನ, ಬಾಗಿದ ಹ್ಯಾಂಡಲ್ಲಿನ ರೋಡ್ ಸೈಕಲ್ ಇತ್ತು. ಅವರು ಗಿಡ್ಡ ಆಳು, ಹಾಗಾಗಿ ಸೈಕಲ್ ನನಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಬೆಳಿಗ್ಗೆ ಎದ್ದು ಹೆಗ್ಗೆರೆಯವರೆಗೆ ಹೋಗಿ ಬರುವುದು, ಭಾನುವಾರ ಗುಬ್ಬಿವರೆಗೂ ಹೋಗುವುದು ರೂಢಿಯಾಯಿತು. ಮಂಡಿ ನೋವು ಕಡಿಮೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಒಂದೆರಡು ಗಂಟೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಚಳಿ ಬಂತು. ಮೊದಲ ಭಾನುವಾರ ಮನೆಯಲ್ಲಿ ಇದ್ದಬದ್ದ ಬೆಚ್ಚಗಿನದನ್ನೆಲ್ಲ ಮೈಮೇಲೆ ಹೇರಿಕೊಂಡೆ. ಕಾಟನ್ ಚೂಡಿದಾರ್, ಅದರ ಮೇಲೆ ತೀರಿಹೋದ ನಮ್ಮತ್ತೆ ಹೆಣೆದ ದಪ್ಪ ಉಣ್ಣೆ ಸ್ವೆಟರ್, ತಲೆಗೆ ಮಂಕಿ ಕ್ಯಾಪ್, ಅದರ ಮೇಲೆ ಹೆಲ್ಮೆಟ್, ವೇಲನ್ನು ಸೊಂಟಕ್ಕೆ ಸುತ್ತಿ ಗಂಟು. ಬಾಗಿಲಲ್ಲಿ ನಿಂತಾಗ ಹಿತವಾಗಿತ್ತು. ಮಲ್ಲಸಂದ್ರ ದಾಟುವಷ್ಟರಲ್ಲಿ ಒಳಗೆಲ್ಲ ಬೆವರು. ಕಾಟನ್ ಬಟ್ಟೆ ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತು. ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯಲು ನಿಂತೆ ನೋಡಿ, ಆ ಬೆವರೆಲ್ಲ ಕೆರೆ ಕಡೆಯಿಂದ ಬೀಸುವ ಗಾಳಿಗೆ ತಣ್ಣಗಾಗಿ, ಯಾರೋ ಬೆನ್ನ ಮೇಲೆ ಒದ್ದೆ ಟವಲ್ ಹಾಸಿದ ಹಾಗಾಯಿತು. ವಾಪಸ್ ಬರುವಾಗ ಎದುರುಗಾಳಿ. ಉಣ್ಣೆಯ ಕಣ್ಣುಕಣ್ಣಿನಲ್ಲೂ ಗಾಳಿ ನುಗ್ಗಿತು. ಹಲ್ಲು ಕಟಕಟ ಅನ್ನುತ್ತಿತ್ತು, ಬ್ರೇಕ್ ಹಿಡಿಯಲು ಬೆರಳು ಬಗ್ಗುತ್ತಿರಲಿಲ್ಲ. ಮಾರನೆಯ ದಿನ ಜ್ವರ ಬಂತು.

ಮಲಗಿಕೊಂಡೇ ನಾನು ಸೇರಿದ್ದ ಸೈಕಲ್ ಸವಾರರ ವಾಟ್ಸಾಪ್ ಗುಂಪಿಗೆ ಒಂದು ಪ್ರಶ್ನೆ ಹಾಕಿದೆ: ‘ಚಳಿಯಲ್ಲಿ ಏನು ಹಾಕಿಕೊಳ್ಳಬೇಕು? ಬೆವರೂ ಬರುತ್ತೆ, ಚಳಿಯೂ ಆಗುತ್ತೆ.’ ಗುಂಪಿನಲ್ಲಿ ನಾನೊಬ್ಬಳೇ ಹೆಂಗಸು. ಒಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಒಬ್ಬರು ಹಿಮ ಬೀಳುವ ಯಾವುದೋ ದೇಶದಲ್ಲಿ ಸೈಕಲ್ ಹೊಡೆಯುವವನ ಫೋಟೋ ಹಾಕಿದರು. ಇನ್ನೊಬ್ಬರು, ‘ಜೋರಾಗಿ ತುಳೀರಿ ಮೇಡಂ, ತಾನಾಗೇ ಬಿಸಿ ಆಗುತ್ತೆ’ ಎಂದರು. ಕಡೆಗೆ ಗುಂಪಿನ ನಾಯಕನ ಉತ್ತರ ಬಂತು. ಆತ ಕಟ್ಟಡದ ಕಂಟ್ರಾಕ್ಟರ್, ಒಳ್ಳೆಯ ಸವಾರ. ಮೈಗೆ ಅಂಟುವ ಬಟ್ಟೆ, ಕನ್ನಡಕ, ಎಲ್ಲವೂ ಅವನ ಹತ್ತಿರವಿತ್ತು. ‘ಲೇಡೀಸ್ ಸ್ವಲ್ಪ ಬಿಸಿಲು ಬಂದ ಮೇಲೆ ಹೊರಡೋದು ವಾಸಿ’ ಎಂದು ಬರೆದಿದ್ದ.

ನನಗೆ ಮೈಯೆಲ್ಲ ಉರಿಯಿತು, ಜ್ವರದ್ದಲ್ಲ. ಬಿಸಿಲು ಬಂದ ಮೇಲೆ ತಿಂಡಿ ಮಾಡುವವರು ಯಾರು? ಮಗಳ ಡಬ್ಬಿ, ಗಂಡನ ಡಬ್ಬಿ, ನನ್ನ ಡಬ್ಬಿ ಕಟ್ಟಿ ರೈಲು ಹಿಡಿಯುವವರು ಯಾರು? ಬಿಸಿಲು ಬರುವ ಮುಂಚಿನ ಹೊತ್ತೇ ನನ್ನದು, ಮಿಕ್ಕ ದಿನವೆಲ್ಲ ಬೇರೆಯವರದ್ದು. ಬಟ್ಟೆ ಯಾವುದು ಎಂದು ಕೇಳಿದ್ದಕ್ಕೆ ಹೊತ್ತು ಬದಲಾಯಿಸಿಕೊಳ್ಳಿ ಎಂಬ ಉಪದೇಶ. ಗಂಡಸೊಬ್ಬ ಅದೇ ಪ್ರಶ್ನೆ ಕೇಳಿದ್ದರೆ ಅಂಗಡಿಯ ವಿಳಾಸ ಸಿಗುತ್ತಿತ್ತು.

ಅಂಗಡಿಯನ್ನು ನಾನೇ ಹುಡುಕಿಕೊಂಡು ಹೋದೆ. ಊರಿನಲ್ಲಿ ಸೈಕಲ್ಲಿನ ಸಾಮಾನು, ಕ್ರೀಡಾ ಬಟ್ಟೆ ಎರಡೂ ಇಟ್ಟಿರುವ ಅಂಗಡಿ ಅದು. ಮಾಲೀಕರು ಸಜ್ಜನರೇ, ಕುರ್ಚಿ ಎಳೆದು ಕೂರಿಸಿದರು.

“ಚಳಿಗೆ ಸೈಕ್ಲಿಂಗ್ ಜಾಕೆಟ್ ಬೇಕಿತ್ತು” ಎಂದೆ.

“ತುಮಕೂರಲ್ಲೆಲ್ಲಿ ಮೇಡಂ ಚಳಿ? ಇದೇನ್ ಊಟೀನಾ?” ಎಂದು ನಕ್ಕರು. ನಗುವಾಗ ಅವರು ಹಾಕಿಕೊಂಡಿದ್ದ ಸ್ವೆಟರಿನ ತೋಳು ಕೆಳಗೆಳೆದುಕೊಂಡರು. “ಸಾರ್ ಅಳತೆ ಎಷ್ಟು?”

“ಸಾರ್‌ಗಲ್ಲ, ನನಗೆ.”

 ಅವರು ಒಳಗಿಂದ ಗುಲಾಬಿ ಬಣ್ಣದ್ದೊಂದು ತಂದರು. ಮುಟ್ಟಿದರೆ ಹರಿಯುವಷ್ಟು ತೆಳು. ಸೈಕಲ್ಲಿನ ಮೇಲೆ ಬಗ್ಗಿ ಕೂತವರಿಗೆ ಜೇಬು ಬೆನ್ನ ಹಿಂದೆ ಇರಬೇಕು. ಇದಕ್ಕೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಎದೆಯ ಮೇಲೆ ಮಿಂಚುವ ಒಂದು ಚಿಟ್ಟೆ ಮಾತ್ರ ಇತ್ತು.

“ಜೇಬೇ ಇಲ್ಲವಲ್ಲ?”

“ಲೇಡೀಸು ಬ್ಯಾಗ್ ಇಟ್ಕಂಡಿರ್ತಾರಲ್ಲ ಮೇಡಂ.”

“ಸೈಕಲ್ ಮೇಲೆ ವ್ಯಾನಿಟಿ ಬ್ಯಾಗ್ ಹಾಕ್ಕೊಂಡ್ ಹೋಗ್ಲಾ?”

ಅವರಿಗೆ ಬೇಜಾರಾಗಿರಬೇಕು. “ನಿಜ ಹೇಳ್ಬೇಕು ಅಂದ್ರೆ ಲೇಡೀಸ್ ಸೈಜು ಯಾರೂ ತಗಳಲ್ಲ ಮೇಡಂ, ಅದಕ್ಕೇ ತರಿಸಲ್ಲ” ಎಂದರು. ತರಿಸದೆ ಇದ್ದರೆ ಯಾರು ತೆಗೆದುಕೊಳ್ಳುತ್ತಾರೆ ಎಂದು ಕೇಳಿದೆ. ಅವರು ಗುಲಾಬಿ ಜಾಕೆಟ್ ಮಡಿಸಿ ಒಳಗಿಟ್ಟರು. ಕಡೆಗೆ ಗಂಡಸರ ಜಾಕೆಟ್ಟಿನಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ತಂದೆ. ಭುಜದಲ್ಲಿ ಜೋಲು, ಸೊಂಟದಲ್ಲಿ ಬಿಗಿ, ತೋಳು ಬೆರಳ ತುದಿ ದಾಟಿ ಇಳಿಯುತ್ತಿತ್ತು. ಆದರೆ ಮುಂದುಗಡೆ ಗಾಳಿ ತಡೆಯುವ ಬಟ್ಟೆ ಇತ್ತು, ಬೆನ್ನಿಗೆ ಜೇಬಿತ್ತು. ಜೇಬು ಬೇಕಾದರೆ ಗಂಡಸಾಗಬೇಕು ಎಂದು ಗೊಣಗಿಕೊಂಡು ಮನೆಗೆ ಬಂದೆ.

ಮುಂದಿನದನ್ನು ನಾನೇ ತಪ್ಪು ಮಾಡಿ ಮಾಡಿ ಕಲಿತೆ. ಮೈಗೆ ತಾಗುವ ಬಟ್ಟೆ ಕಾಟನ್ ಆಗಿರಬಾರದು, ಅದು ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಗಳು ಕಬಡ್ಡಿಗೆ ಹಾಕುತ್ತಿದ್ದ ಜಾರುವ ಬಟ್ಟೆಯ ಟೀ ಶರ್ಟು ಅದಕ್ಕಿಂತ ಎಷ್ಟೋ ಮೇಲು. ಹೊರಡುವಾಗ ಮೈ ಕೊಂಚ ನಡುಗಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ದಾರಿಯಲ್ಲಿ ಬೇಯುವುದು ಖಂಡಿತ. ಮುಚ್ಚಬೇಕಾದದ್ದು ಎದೆ, ಬೆರಳು, ಕಿವಿ, ಮಂಡಿ.

ಎದೆಗೆ ಮಾತ್ರ ಯಾವ ಬಟ್ಟೆಯೂ ಸಾಲುತ್ತಿರಲಿಲ್ಲ. ಆಗ ನನ್ನ ಗಂಡ ಒಂದು ದಾರಿ ಹೇಳಿದರು. ಅವರು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮೊದಮೊದಲು ಬೆಳಗಿನ ಪಾಳಿಗೆ ಮೊಪೆಡ್‌ನಲ್ಲಿ ಹೋಗುತ್ತಿದ್ದವರು. “ನಾವೆಲ್ಲ ಪೇಪರ್ ಇಟ್ಕತಿದ್ವಿ ಕಣೇ” ಎಂದು ಹಿಂದಿನ ದಿನದ ದಿನಪತ್ರಿಕೆ ಮಡಿಸಿ ಕೊಟ್ಟರು. ಅದನ್ನು ಟೀ ಶರ್ಟಿಗೂ ಜಾಕೆಟ್ಟಿಗೂ ನಡುವೆ ಸೇರಿಸಿದೆ. ಹೆಗ್ಗೆರೆಯ ಇಳಿಜಾರಿನಲ್ಲಿ ಗಾಳಿ ಎದೆಗೆ ಬಡಿದು ಹಾಗೇ ಪಕ್ಕಕ್ಕೆ ಸರಿದದ್ದು ಗೊತ್ತಾಯಿತು. ಇಷ್ಟು ವರ್ಷ ಸಂಸಾರ ಮಾಡಿ ಈ ಮನುಷ್ಯನಿಂದ ನಾನು ಪಡೆದ ಅತ್ಯುತ್ತಮ ಸಲಹೆ ಅದು ಎಂದು ಹೇಳಿದೆ. ಅವರು ಖುಷಿಯಾದರು.

ಕಾಲಿಗೆ ಟೈಟ್ಸ್ ತರಿಸಿದೆ. ಕಪ್ಪು, ದಪ್ಪ, ಸೊಂಟದಿಂದ ಪಾದದ ಗಂಟಿನವರೆಗೆ ಒಂದಿಂಚು ಬಿಡದೆ ಮುಚ್ಚುವಂಥದ್ದು. ಮಂಡಿಗೆ ಚಳಿ ತಾಗದೆ ಹೋದದ್ದೇ ನೋವು ಇನ್ನಷ್ಟು ಇಳಿಯಿತು. ಅದನ್ನು ಹಾಕಿಕೊಂಡು ಗುಬ್ಬಿಗೆ ಹೋದ ಭಾನುವಾರ ಟೀ ಅಂಗಡಿಯ ಮುಂದೆ ನಿಂತಿದ್ದಾಗ ಯಾರೋ ಮೊಬೈಲಿನಲ್ಲಿ ನನ್ನ ಫೋಟೋ ತೆಗೆದರು. ಯಾರೆಂದು ಈವತ್ತಿಗೂ ಗೊತ್ತಿಲ್ಲ. ಫೋಟೋ ಹಿಂದಿನಿಂದ ತೆಗೆದದ್ದು. ನಾನು ಸೈಕಲ್ಲಿನ ಮೇಲೆ ಬಗ್ಗಿ ಹಿಂದಿನ ಚಕ್ರದ ಗಾಳಿ ನೋಡುತ್ತಿದ್ದೆ. ಅದು ಗುಬ್ಬಿಯಿಂದ ಹೊರಟು, ನಮ್ಮ ನೆಂಟರಿಷ್ಟರ ಗುಂಪುಗಳನ್ನೆಲ್ಲ ಸುತ್ತಿ, ನಾನು ಮನೆ ಸೇರುವ ಮುಂಚೆಯೇ ಕುಣಿಗಲ್ ತಲುಪಿತು.

ಕುಣಿಗಲ್‌ನಲ್ಲಿ ನನ್ನ ಗಂಡನ ಅಣ್ಣ ಇದ್ದಾರೆ. ನಾನು ಭಾವ ಎನ್ನುತ್ತೇನೆ. ತೆಂಗಿನ ತೋಟ, ಎರಡು ಹಸು, ರಸ್ತೆ ಪಕ್ಕದ ಮನೆ. ಮನೆತನದ ಮರ್ಯಾದೆ ತಮ್ಮ ಸುಪರ್ದಿಯಲ್ಲಿದೆ ಎಂದು ನಂಬಿದವರು. ಅಂದು ಸಂಜೆ ಫೋನ್ ಬಂತು, ನನಗಲ್ಲ, ನನ್ನ ಗಂಡನಿಗೆ. ಅವರು ಪಕ್ಕದಲ್ಲೇ ಕೂತಿದ್ದರಿಂದ ಆ ಕಡೆಯ ಮಾತು ನನಗೂ ಕೇಳುತ್ತಿತ್ತು.

“ಏನ್ಲಾ ಇದು? ನಮ್ಮನೆ ಹೆಣ್ಮಗಳು ಸರ್ಕಸ್ ಕಂಪ್ನಿಯವ್ರಂಗೆ ರಸ್ತೇಲಿ ನಿಂತವ್ಳಲ್ಲ? ನಿಂಗೆ ಕಣ್ ಕಾಣಲ್ವಾ?”

“ಅಣ್ಣ, ಅದು ಸೈಕಲ್ ಡ್ರೆಸ್ಸು...”

“ಯಾವ ಡ್ರೆಸ್ಸೋ! ಮೇಲೊಂದು ಪ್ಯಾಂಟಾದ್ರೂ ಹಾಕ್ಕೊಳಕ್ ಹೇಳು. ಇಲ್ಲಾಂದ್ರೆ ಸೈಕಲ್ ಮಾರ್ಬುಡು.”

ಫೋಟೋ ತೆಗೆದವರು ಯಾರು, ಹೆಂಗಸೊಬ್ಬಳ ಬೆನ್ನ ಹಿಂದೆ ನಿಂತು ತೆಗೆದದ್ದು ಸರಿಯಾ ಎಂದು ಅವರು ಕೇಳಲಿಲ್ಲ. ನೆಂಟರಲ್ಲಿ ಒಬ್ಬರೂ ಕೇಳಲಿಲ್ಲ. ಅದನ್ನು ಮುಂದಕ್ಕೆ ಕಳಿಸಿದವರಲ್ಲಿ ನನ್ನ ಕೈಯಿಂದ ಊಟ ಮಾಡಿ ಹೋದವರೂ ಇದ್ದರು. ತಪ್ಪೆಲ್ಲ ಚಳಿಗೆ ಕಾಲು ಮುಚ್ಚಿಕೊಂಡ ನನ್ನದು.

ನನ್ನ ಗಂಡ ಜಗಳವಾಡುವ ಜಾತಿಯಲ್ಲ. ಫೋನ್ ಇಟ್ಟು ಎಷ್ಟೋ ಹೊತ್ತು ಟಿ.ವಿ. ನೋಡಿದರು. ಆಮೇಲೆ, “ಅಣ್ಣನ ಸ್ವಭಾವ ಗೊತ್ತಲ್ಲ. ಮೇಲೊಂದ್ ಲೂಸ್ ಪ್ಯಾಂಟ್ ಹಾಕ್ಕೊಂಬುಡು, ಏನೀಗ? ಚಳಿಗೂ ಆಯ್ತು” ಎಂದರು.  ಮನೆಯಲ್ಲಿ ನೆಮ್ಮದಿ ಇರಲಿ ಎಂದು ಮುಂದಿನ ವಾರ ಟೈಟ್ಸ್ ಮೇಲೆ ನೈಟ್ ಪ್ಯಾಂಟ್ ಒಂದನ್ನು ಹಾಕಿಕೊಂಡು ಹೊರಟೆ.

ಹೆಗ್ಗೆರೆ ಇನ್ನೂ ಸ್ವಲ್ಪ ದೂರವಿರುವಾಗ ಬಲಗಾಲಿನ ಪ್ಯಾಂಟಿನ ಅಂಚು ಚೈನಿಗೆ ಸಿಕ್ಕಿತು. ಪೆಡಲ್ ತುಳಿದಷ್ಟೂ ಬಟ್ಟೆಯನ್ನು ಒಳಗೆಳೆದುಕೊಳ್ಳುತ್ತ ಹೋಯಿತು. ಕಾಲು ಬಿಡಿಸಿಕೊಳ್ಳಲಾಗಲಿಲ್ಲ, ಸೈಕಲ್ ನಿಲ್ಲಿಸಲಾಗಲಿಲ್ಲ. ಹಿಂದೆ ತೆಂಗಿನಕಾಯಿ ತುಂಬಿದ ಟೆಂಪೋ ಬರುತ್ತಿದ್ದ ಸದ್ದು ಕೇಳುತ್ತಿತ್ತು. ಎಡಕ್ಕೆ ವಾಲಿದರೆ ಜಲ್ಲಿ, ಬಲಕ್ಕೆ ವಾಲಿದರೆ ಟೆಂಪೋ. ನಾನು ಎಡಕ್ಕೆ ಬಿದ್ದೆ. ಟೆಂಪೋದವನು ಬ್ರೇಕ್ ಒತ್ತಿ, ದಾಟಿ ಮುಂದೆ ನಿಲ್ಲಿಸಿ, ಓಡಿ ಬಂದ. “ಏಟ್ ಬಿತ್ತಾ ಅಕ್ಕ? ಯಾಕಕ್ಕ ಇಷ್ಟ್ ಅಗಲದ್ ಪ್ಯಾಂಟ್ ಹಾಕ್ಕೊಂಡ್ ಸೈಕಲ್ ಹೊಡೀತೀರ?” ಎಂದು ಬೈದ. ಅಷ್ಟು ನೋವಿನಲ್ಲೂ ನನಗೆ ಅವನನ್ನು ಕುಣಿಗಲ್‌ಗೆ ಕರೆದುಕೊಂಡು ಹೋಗಿ ಇದೇ ಮಾತನ್ನು ಹೇಳಿಸಬೇಕು ಅನ್ನಿಸಿತು.

ಅಂಗೈ ಚರ್ಮ ಸುಲಿದಿತ್ತು. ಮೊಣಕೈಯಿಂದ ರಕ್ತ. ಜಾಕೆಟ್ಟಿನ ಎಡತೋಳು ಭುಜದವರೆಗೂ ಹರಿದುಹೋಗಿತ್ತು. ನಾನು ಫೋನ್ ಮಾಡಿದ್ದಕ್ಕೆ ನನ್ನ ಗಂಡ ಬೈಕಿನಲ್ಲಿ ಬಂದವರು ಮೊದಲು ನನ್ನನ್ನು ನೋಡಿದರು, ಆಮೇಲೆ ಚೈನಿಗೆ ಸುತ್ತಿಕೊಂಡಿದ್ದ ಪ್ಯಾಂಟಿನ ಚೂರನ್ನು ನೋಡಿದರು. ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಗ್ರೀಸಿನಿಂದ ಕಪ್ಪಾದ ಆ ಬಟ್ಟೆಯನ್ನು ಚೈನ್ ಚಕ್ರದ ಹಲ್ಲುಹಲ್ಲಿನಿಂದ ಬಿಡಿಸಿ ಎಳೆದರು.  ಗಾಯಕ್ಕೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದ ಮೇಲೆ, ಕೈ ತೊಳೆಯುವುದಕ್ಕೂ ಮುಂಚೆ, ಅಣ್ಣನಿಗೆ ಫೋನ್ ಮಾಡಿದರು.

“ಅಣ್ಣ, ಅವಳ ಬಟ್ಟೆ ವಿಷ್ಯ ಇನ್ಮೇಲೆ ನಂಗೆ ಹೇಳ್ಬೇಡ. ಹೇಳೋದಿದ್ರೆ ಅವಳಿಗೇ ಹೇಳು. ನಂಬರ್ ಐತಲ್ಲ.”

ಅವರು ಅಣ್ಣನೊಂದಿಗೆ ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾವ ನನಗೆ ಫೋನ್ ಮಾಡಲಿಲ್ಲ. ಮಾಡಲಿ ಎಂದು ಕಾದೆ. ಹೇಳುವ ಮಾತುಗಳನ್ನೆಲ್ಲ ಪಾತ್ರೆ ತೊಳೆಯುವಾಗ, ರೈಲಿನಲ್ಲಿ ಕೂತಿರುವಾಗ ಜೋಡಿಸಿಟ್ಟುಕೊಂಡಿದ್ದೆ. ಫೋನ್ ಬರಲೇ ಇಲ್ಲ. ಬೆನ್ನ ಹಿಂದೆ ಅಷ್ಟೊಂದು ಮಾತಾಡುವವರು ಎದುರಿಗೆ ಒಂದನ್ನೂ ಆಡುವುದಿಲ್ಲ ಎಂಬುದು ಬಿದ್ದ ಏಟಿಗಿಂತ ಹೆಚ್ಚು ಉರಿಯಿತು. ಸಂಕ್ರಾಂತಿಗೆ ಮನೆಯವರೆಲ್ಲ ಕುಣಿಗಲ್‌ನಲ್ಲಿ ಸೇರುವುದು ರೂಢಿ. ಈ ಸಲ ನಾನು ಸೈಕಲ್ಲಿನಲ್ಲೇ ಹೋಗುತ್ತೇನೆ ಎಂದೆ. ನನ್ನ ಗಂಡ, “ಕೈ ವಾಸಿಯಾಗಿದ್ರೆ ಹೋಗು. ನಾನೂ ಮಗಳೂ ಆಮೇಲೆ ಬೈಕಲ್ಲಿ ಬರ್ತೀವಿ, ಸೀರೆ ಬ್ಯಾಗಲ್ಲಿ ತರ್ತೀನಿ” ಎಂದರು.

ಅಷ್ಟರಲ್ಲಿ ಹರಿದ ಜಾಕೆಟ್ಟಿಗೂ ಒಂದು ಗತಿ ಕಾಣಿಸಿದ್ದೆ. ಒಂದು ತೋಳು ಹರಿದಿತ್ತು. ಇನ್ನೊಂದನ್ನೂ ಕತ್ತರಿಸಿ, ಅಂಚು ಮಡಿಸಿ ಹೊಲಿದೆ. ತೋಳಿಲ್ಲದ ಜಾಕೆಟ್ ಆಯಿತು. ಕೈಗಳಿಗೆ ಮಗಳ ಉದ್ದನೆಯ ಉಣ್ಣೆ ಕಾಲುಚೀಲ ತೆಗೆದುಕೊಂಡು, ಪಾದದ ಭಾಗ ಕತ್ತರಿಸಿ, ಮಣಿಕಟ್ಟಿನಿಂದ ರಟ್ಟೆಯವರೆಗೆ ಏರಿಸಿದೆ. ಸೆಕೆಯಾದರೆ ಕೆಳಗೆ ಸರಿಸಬಹುದು, ಚಳಿಯಾದರೆ ಮೇಲೆಳೆದುಕೊಳ್ಳಬಹುದು. ನೋಡಲು ಚೆನ್ನಾಗಿರಲಿಲ್ಲ. ಆದರೆ ಇಡೀ ಊರಿನ ಅಂಗಡಿಗಳಲ್ಲಿ ನನಗೆ ಸಿಗದ ಬಟ್ಟೆ ನನ್ನ ಅಡುಗೆಮನೆಯ ಕತ್ತರಿಯಿಂದ ತಯಾರಾಯಿತು. ನನಗೆ ಹೆಮ್ಮೆಯೂ ಆಯಿತು, ಇಷ್ಟಕ್ಕಾಗಿ ಇಷ್ಟು ಪರದಾಡಬೇಕಾಯಿತಲ್ಲ ಎಂದು ರೇಗಿಯೂ ಹೋಯಿತು.

ಹಬ್ಬದ ಬೆಳಿಗ್ಗೆ ಊರು ದಾಟುವಾಗ ಇನ್ನೂ ಮಬ್ಬು. ರಸ್ತೆ ಗುಡಿಸುವ ಹೆಂಗಸರು ಕಸಕ್ಕೆ ಬೆಂಕಿ ಹಾಕಿಕೊಂಡು ಕೈ ಕಾಸುತ್ತಿದ್ದರು. ಗೂಳೂರು ದಾಟಿದ ಮೇಲೆ ರಸ್ತೆ ಬದಿಯ ಹೊಲದಲ್ಲಿ ಹೆಂಗಸರು ಹಬ್ಬದ ಮಾರುಕಟ್ಟೆಗೆ ಸೇವಂತಿಗೆ ಬಿಡಿಸುತ್ತಿದ್ದರು. ಮಂಜಿಗೆ ಗಿಡವೆಲ್ಲ ಒದ್ದೆ. ನಾನು ನೀರು ಕುಡಿಯಲು ಕಾಲೂರಿದಾಗ ಹತ್ತಿರದಲ್ಲಿದ್ದವಳು ಸೊಂಟ ನೆಟ್ಟಗೆ ಮಾಡಿ ನೋಡಿದಳು.

“ಎಲ್ಲಿಗಕ್ಕ?”

“ಕುಣಿಗಲ್‌ಗೆ.”

“ಸೈಕಲ್ನಾಗಾ? ಅಯ್ಯೋ, ಚಳಿ ಆಗಕಿಲ್ವಾ?”

“ಆಗುತ್ತೆ. ನಿಮಗೆ?”

“ನಮ್ದೇನ್ ಬುಡಕ್ಕ, ಅಭ್ಯಾಸ ಆಗೋಗೈತೆ” ಎಂದು ಅವಳು ತೋಳು ಮಡಿಸಿಕೊಂಡಳು. ಆಗ ನಾನು ಗಮನಿಸಿದೆ. ಅವಳು ಸೀರೆಯ ಮೇಲೆ ಹಾಕಿಕೊಂಡಿದ್ದದ್ದು ಗಂಡಸಿನ ತುಂಬುತೋಳಿನ ಅಂಗಿ, ಕಾಲರ್ ಸವೆದದ್ದು. ಅವಳ ಪಕ್ಕದವಳದ್ದೂ ಅದೇ. ಸಾಲಿನಲ್ಲಿದ್ದ ಅಷ್ಟೂ ಜನರದ್ದೂ ಅದೇ. ಬೆಂಕಿ ಕಾಸುತ್ತಿದ್ದವರ ಮೈಮೇಲೂ ಅದೇ ಇತ್ತು, ನಾನು ದಿನಾ ನೋಡಿಯೂ ನೋಡದೆ ದಾಟುತ್ತಿದ್ದೆ. ನಮ್ಮ ಕಡೆ ಚಳಿಯಲ್ಲಿ ದುಡಿಯುವ ಹೆಂಗಸಿನ ಮೈಮೇಲೆ ಇರುವುದು ಗಂಡ ಹಾಕಿ ಬಿಟ್ಟ ಅಂಗಿ. ಅದನ್ನು ಯಾರೂ ಫೋಟೋ ತೆಗೆಯುವುದಿಲ್ಲ, ಯಾರ ಮರ್ಯಾದೆಯೂ ಅದರಿಂದ ಹೋಗುವುದಿಲ್ಲ. ಗಂಡಸಿನ ಹಳೇ ಅಂಗಿಯೊಳಗೆ ಹೆಂಗಸು ನಡುಗುತ್ತಿದ್ದರೆ ಅದು ಸರಿಯಾದ ಬಟ್ಟೆ. ಅವಳದೇ ಅಳತೆಗೆ ಒಂದು ಬೆಚ್ಚಗಿನ ಬಟ್ಟೆ ಕೊಂಡರೆ ಅದು ಸರ್ಕಸ್. ಹೆಬ್ಬೂರಿನವರೆಗೂ ನಾನು ಅದನ್ನೇ ಯೋಚಿಸುತ್ತ, ಸಿಟ್ಟಿನಲ್ಲಿ ತುಳಿದೆ. ಎಂದೂ ಅಷ್ಟು ವೇಗವಾಗಿ ಹೋಗಿರಲಿಲ್ಲ.

ಕುಣಿಗಲ್ ತಲುಪಿದಾಗ ಬಿಸಿಲು ಹದವಾಗಿ ಬಿದ್ದಿತ್ತು. ಭಾವ ಮನೆ ಮುಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ತಲೆಗೆ ಮಂಕಿ ಕ್ಯಾಪ್, ಮೈಗೆ ಹೊಸ ಸ್ವೆಟರ್, ಕೆಳಗೆ ಎತ್ತಿ ಕಟ್ಟಿದ ಪಂಚೆ. ಎರಡು ಮಂಡಿಯೂ, ಮಂಡಿಯ ಮೇಲಿನದೂ, ರಸ್ತೆಗೆ ಕಾಣುವ ಹಾಗೆ ಬಿಸಿಲು ಕಾಯಿಸುತ್ತಿದ್ದವು. ನಾನು ಸೈಕಲ್ ಇಳಿದು ಕಾಂಪೌಂಡಿಗೆ ಒರಗಿಸಿದೆ. ಅವರು ಲೋಟ ಕೆಳಗಿಟ್ಟರು.

“ಏನಮ್ಮಾ ಇದು ವೇಷ? ಹಬ್ಬದ ದಿನ?”

“ವೇಷ ಅಲ್ಲ ಭಾವ, ಚಳಿ ಬಟ್ಟೆ. ನೀವು ಹಾಕ್ಕೊಂಡಿದ್ದೀರಲ್ಲ, ಹಾಗೇ.”

ಅವರು ರಸ್ತೆಯ ಎರಡೂ ಕಡೆ ನೋಡಿದರು. ದನಿ ತಗ್ಗಿಸಿ, “ನೆಂಟ್ರು ಬರೋ ಹೊತ್ತು. ಹಿತ್ಲು ಬಾಗ್ಲಿಂದ ಒಳಿಕ್ ಹೋಗಿ ಸೀರೆ ಉಟ್ಕಂಡ್ ಬಾ” ಎಂದರು.

ಅಷ್ಟು ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಸೇರಕ್ಕಿ ಒದ್ದು ಬಂದದ್ದು ಮುಂದಿನ ಬಾಗಿಲಿನಿಂದ. ಜಾಕೆಟ್ಟಿನ ಬೆನ್ನ ಜೇಬಿನಿಂದ ಎಳ್ಳು ಬೆಲ್ಲದ ಪೊಟ್ಟಣ ತೆಗೆದು ಅವರ ಕುರ್ಚಿಯ ಪಕ್ಕ ಇಟ್ಟೆ.

“ಹಿತ್ಲು ಬಾಗ್ಲಿಂದ ನಾನ್ ಬರಲ್ಲ ಭಾವ. ಇಲ್ಲಿಂದ ಒಳಗೆ ಹೋಗೋ ಹಾಗಿಲ್ಲ ಅಂದ್ರೆ, ಎಳ್ಳು ಕೊಟ್ಟಿದ್ದೀನಿ, ಹೀಗೇ ವಾಪಸ್ ತುಮಕೂರಿಗೆ ಹೋಗ್ತೀನಿ.” ದನಿ ನಡುಗುತ್ತಿತ್ತು. ಅದು ಚಳಿಯಿಂದ ಎಂದು ಅವರು ತಿಳಿಯಲಿ ಅಂದುಕೊಂಡೆ. ಜಗಲಿಯ ತುದಿಯಲ್ಲಿ ಕೂತುಬಿಟ್ಟೆ.

ಮಾತಿನ ಸದ್ದು ಕೇಳಿ ಮನೆಯ ಪಕ್ಕದಿಂದ ಅಕ್ಕ ಬಂದರು. ಭಾವನ ಹೆಂಡತಿ, ನನ್ನ ಓರಗಿತ್ತಿ. ಬೆಳಗಿನ ಹಾಲು ಕರೆದು, ಕೊಟ್ಟಿಗೆ ಕೆಲಸವೆಲ್ಲ ಮುಗಿಸಿ ಬರುತ್ತಿದ್ದರು. ತಲೆಗೆ ಟವಲ್ ಸುತ್ತಿಕೊಂಡಿದ್ದರು. ಸೀರೆಯ ಮೇಲೆ ಭಾವನ ಹಳೆಯ ಗೀರಿನ ಅಂಗಿ, ತೋಳು ಮೊಣಕೈವರೆಗೆ ಮಡಿಸಿದ್ದು, ಕೆಳಗಿನ ಗುಂಡಿ ಕಿತ್ತುಹೋಗಿದ್ದದ್ದು. 

ಅಕ್ಕ ಹಾಲಿನ ಕ್ಯಾನ್ ಇಟ್ಟು ನನ್ನ ಹತ್ತಿರ ಬಂದು ಕೈ ಮುಟ್ಟಿ ನೋಡಿದರು. “ಏನೇ ಇದು, ಕಾಲ್‌ಚೀಲ ಕೈಗಾಕ್ಕಂಡಿದ್ದೀಯಾ!” ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ ಜಾಕೆಟ್ಟಿನ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಎದೆಯ ಹತ್ತಿರ ಒತ್ತಿದಾಗ ಒಳಗಿದ್ದ ಪೇಪರ್ ಚರಚರ ಎಂದಿತು. “ಪೇಪರ್ರಾ? ಗಾಳಿ ನುಗ್ಗಲ್ವಾ ಇದ್ರೊಳಗೆ?”

“ಒಂಚೂರೂ ನುಗ್ಗಲ್ಲ ಅಕ್ಕ.”

“ಹಿತ್ಲು ಕಡೆಯಿಂದ ಕರ್ಕಂಡ್ ಹೋಗೇ ಅವಳನ್ನ” ಎಂದರು ಭಾವ.

ಅಕ್ಕ ತಿರುಗಿ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. “ಅವಳ ಮೈ ಎಲ್ಲಾ ಮುಚ್ಚೈತೆ. ನೀವ್ ಮೊದ್ಲು ಪಂಚೆ ಕೆಳಗ್ ಬುಡ್ರಿ, ನೆಂಟ್ರು ಬರ್ತಾರೆ ಅಂತೀರಲ್ಲ” ಎಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. “ಕಾಲ್ ತೊಳ್ಕಂಡ್ ಬಾರೇ, ಬಿಸಿ ಕಾಫಿ ಕೊಡ್ತೀನಿ.” ಮುಂದಿನ ಬಾಗಿಲಿನಿಂದಲೇ ಕರೆದುಕೊಂಡು ಹೋದರು. ಹೊಸ್ತಿಲು ದಾಟುವಾಗ ನಾನು ಹಿಂತಿರುಗಿ ನೋಡಿದೆ. ಭಾವ ಪಂಚೆ ಇಳಿಬಿಡುತ್ತಿದ್ದರು.

ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ನಾನು ಕೇಳಿದೆ, “ಅಕ್ಕ, ನಿಮಗೊಂದು ಸ್ವೆಟರ್ ಇಲ್ವಾ?”

“ಐತೆ ಕಣೇ. ಬೀರೂನಲ್ಲೈತೆ. ಮದ್ವೆ ಗಿದ್ವೆಗೆ ಹೋಗುವಾಗ ಹಾಕ್ಕಳಕೆ.”

“ಕೊಟ್ಟಿಗೆಗೆ?”

“ಕೊಟ್ಟಿಗೆಗೆ ಯಾರಾದ್ರೂ ಒಳ್ಳೇದ್ ಹಾಕ್ಕತಾರಾ? ಇವ್ರು ಹಾಕಿ ಬುಟ್ಟಿದ್ ಅಂಗಿ ಇರ್ತಾವಲ್ಲ” ಎಂದರು ಸಹಜವಾಗಿ. ಭಾವನಿಗೆ ಆ ವರ್ಷ ಹೊಸ ಸ್ವೆಟರ್ ಬಂದಿತ್ತು, ಬಿಸಿಲಲ್ಲಿ ಕೂತು ಕಾಫಿ ಕುಡಿಯಲು. ಸೂರ್ಯ ಹುಟ್ಟುವ ಮುಂಚೆ ಎದ್ದು ತಣ್ಣೀರಲ್ಲಿ ಕೆಚ್ಚಲು ತೊಳೆಯುವವರಿಗೆ ಗುಂಡಿ ಕಿತ್ತ ಅಂಗಿ. ಫೋಟೋ ಓಡಾಡಿದಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಅಕ್ಕನಿಗೇ ಅದು ಅನ್ಯಾಯ ಅನ್ನಿಸದೆ ಇದ್ದದ್ದು ಇನ್ನೂ ಸಂಕಟ ಮಾಡಿತು. ನನ್ನ ಗಂಡ ಬಂದು ಸೀರೆಯ ಬ್ಯಾಗ್ ಕೊಟ್ಟರು. ನೆಂಟರೆಲ್ಲ ಬಂದು ಹೋಗುವವರೆಗೂ ನಾನು ಅದನ್ನು ತೆರೆಯಲಿಲ್ಲ. ಜಾಕೆಟ್ ಕಳಚಿಟ್ಟು, ಮಗಳ ಟೀ ಶರ್ಟಿನಲ್ಲೇ ಎಳ್ಳು ಬೀರಿದೆ. ಕೆಲವರು ನೋಡಿದರು, ಕೆಲವರು ನೋಡದ ಹಾಗೆ ನೋಡಿದರು. ಊಟದ ಹೊತ್ತಿಗೆ ನನಗೇ ಬೇಕೆನ್ನಿಸಿ ಸೀರೆ ಉಟ್ಟುಕೊಂಡೆ. ಭಾವ ಆ ದಿನ ನನ್ನೊಂದಿಗೆ ಇನ್ನೊಂದು ಮಾತಾಡಲಿಲ್ಲ. ಈಗಲೂ ಬೇಕಾದಷ್ಟೇ ಆಡುತ್ತಾರೆ.

ಸ್ವಲ್ಪ ದಿನ ಬಿಟ್ಟು ಅಕ್ಕ ತುಮಕೂರಿಗೆ ಬಂದಿದ್ದಾಗ ಅವರನ್ನು ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಮಾಲೀಕರು ಈ ಸಲವೂ, “ಯಜಮಾನ್ರಿಗಾ ಅಮ್ಮ?” ಎಂದರು. ನಾನು ಬಾಯಿ ತೆಗೆಯುವ ಮುಂಚೆ ಅಕ್ಕನೇ, “ಅವ್ರ್ ಯಾಕ್ ಹಾಲ್ ಕರೀತಾರೆ? ನಂಗೆ” ಎಂದರು. ಹೆಂಗಸರ ಅಳತೆಯದ್ದು ಆಗಲೂ ಇರಲಿಲ್ಲ. ನಾನು ಅಲ್ಲೇ ಕೂತು ಜಗಳವಾಡಿದೆ. ತರಿಸುವವರೆಗೂ ವಾರವಾರ ಬರುತ್ತೇನೆ ಎಂದೆ. ಹಾಗೇ ಹೋದೆ ಕೂಡ. ನನ್ನ ಕಾಟ ತಾಳಲಾರದೆ ಅವರು ಬೆಂಗಳೂರಿನಿಂದ ಎರಡು ತರಿಸಿದರು. ಗಾಳಿ ತಡೆಯುವಂಥದ್ದು, ಬೆನ್ನಿಗೆ ಜೇಬಿರುವಂಥದ್ದು, ಭುಜ ಭುಜದಲ್ಲೇ ನಿಲ್ಲುವಂಥದ್ದು. ಒಂದು ನನಗೆ, ಒಂದು ಅಕ್ಕನಿಗೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತ ಅಕ್ಕ ತೋಳು ಎತ್ತಿ ಇಳಿಸಿ, ಹಾಲು ಕರೆಯುವ ಹಾಗೆ ಮುಂದಕ್ಕೆ ಬಗ್ಗಿ ನೋಡಿ, “ಎಲ್ಲೂ ಹಿಡಿಯಲ್ಲ ಕಣೇ” ಎಂದರು. ಅದನ್ನು ಬೀರುವಿನಲ್ಲಿ ಇಡುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡೆ.

ಸೈಕಲ್ ಗುಂಪಿನಲ್ಲಿ ಈಗ ಇನ್ನಿಬ್ಬರು ಹೆಂಗಸರು ಸೇರಿದ್ದಾರೆ. ನಾಯಕ ಅವರಿಗೂ ಬಿಸಿಲು ಬಂದ ಮೇಲೆ ಹೊರಡಲು ಹೇಳಿದ. ನಾನು ಅವರನ್ನು ಬಿಸಿಲಿಗೆ ಮುಂಚೆಯೇ ಗುಬ್ಬಿಗೆ ಕರೆದುಕೊಂಡು ಹೋಗುತ್ತೇನೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿದರು. ಕರೆದ ಹಾಲನ್ನು ಡೈರಿಗೆ ಹಾಕಿ, ಕುಣಿಗಲ್ ಕೆರೆ ಏರಿಯ ಮೇಲೆ ನಡೆಯುತ್ತಿದ್ದರಂತೆ. ಜಾಕೆಟ್ ಹಾಕಿಕೊಂಡು ಈಗ ದಿನಾ ನಡೆಯುತ್ತಾರಂತೆ. ಗಾಳಿಯ ಸದ್ದಿನ ನಡುವೆ ಅವರ ನಗು ಕೇಳುತ್ತಿತ್ತು.

“ನಿನ್ನೆ ಬೆಳಿಗ್ಗೆ ನೋಡ್ತೀನಿ, ನಿಮ್ ಭಾವ ಯಾರಿಗೂ ಕಾಣ್ದಂಗೆ ಇದನ್ನ ಹಾಕ್ಕಂಡ್ ನೋಡ್ತಾವ್ರೆ ಕಣೇ! ಹೊಟ್ಟೆ ಹತ್ರ ಜಿಪ್ಪು ಹತ್ಲೇ ಇಲ್ಲ. ‘ಇದು ಬಲೇ ಚಿಕ್ಕದು’ ಅಂದ್ರು. ‘ಅದು ನನ್ನಳತೇದು, ಬಿಚ್ಚಿ ಕೊಡ್ರಿ’ ಅಂದೆ.”